ತರಗೆಲೆಯ ಕೆಳಗಿನ ಒಂದು ಪ್ರಾಚೀನ ಕುಟುಂಬ



ಕುಟುಂಬವೆಂಬ ಶಬ್ದವು ನಮ್ಮ ಮನೆಗಳಲ್ಲಿ ನಿತ್ಯವೂ ಕೇಳಿಬರತಕ್ಕದ್ದು. ಒಂದು ಮನೆತನದ ಅಣ್ಣತಮ್ಮಂದಿರು ಪಾಲಾಗಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿ, ನಾಲ್ಕಾರು ತಲೆಮಾರು ಕಳೆದ ಮೇಲೆ ಅವರ ಮೊಮ್ಮಕ್ಕಳು ಮರಿಮಕ್ಕಳು ಒಬ್ಬರನ್ನೊಬ್ಬರು ಗುರುತಿಸಲಾರದಂತಾಗುವುದು ಲೋಕದಲ್ಲಿ ಸಹಜ. ಆಗ ವೃದ್ಧರು ಮನೆತನದ ಹೆಸರನ್ನು ಕೇಳುತ್ತಾರೆ. ಮೂಲ ಊರು ಯಾವುದೆಂದು ವಿಚಾರಿಸುತ್ತಾರೆ. ಮೂಗು, ಹುಬ್ಬು, ನಡಿಗೆಯ ರೀತಿಗಳನ್ನು ನೋಡುತ್ತಾರೆ. ಕೊನೆಗೆ ಇವರು ನಮ್ಮವರೇ ಎಂಬ ನಿರ್ಣಯಕ್ಕೆ ಬರುತ್ತಾರೆ. ಜೀವಶಾಸ್ತ್ರಜ್ಞರೂ ಪ್ರಾಣಿಗಳ ವಿಷಯದಲ್ಲಿ ಇದೇ ಕಾರ್ಯವನ್ನು ಮಾಡುತ್ತಾರೆ, ಇದೇ ಕುಟುಂಬವೆಂಬ ಶಬ್ದವನ್ನು ಬಳಸುತ್ತಾರೆ. ಈ ತಿಂಗಳು ಅಂಥ ಒಂದು ಕುಟುಂಬದ ಪರಿಚಯವನ್ನು ಮಾಡಿಕೊಡಬೇಕೆಂಬುದು ನನ್ನ ಉದ್ದೇಶ. ಅದರ ಹೆಸರು ಪೆಟ್ಟಾಲಿಡೆ. ಇದರ ಸದಸ್ಯರು ಎಳ್ಳುಕಾಳಿನಷ್ಟು ಗಾತ್ರದವರು. ಆದರೆ ಇವರ ಬಂಧುಗಳು ಶ್ರೀಲಂಕಾದಲ್ಲಿದ್ದಾರೆ, ದಕ್ಷಿಣ ಆಫ್ರಿಕಾದಲ್ಲಿದ್ದಾರೆ, ಚಿಲಿ ದೇಶದಲ್ಲಿದ್ದಾರೆ, ನ್ಯೂಜಿಲೆಂಡಿನಲ್ಲಿಯೂ ಇದ್ದಾರೆ. ಹಾರಲಾರದ, ಈಜಲಾರದ, ಬಿಸಿಲನ್ನೇ ತಾಳಲಾರದ ಜೀವಿಗಳು ಮಹಾಸಾಗರಗಳ ಆಚೀಚೆಯ ದಡಗಳಲ್ಲಿ ಹೇಗೆ ನೆಲೆಸಿದುವು? ಈ ಪ್ರಶ್ನೆಯ ಉತ್ತರದಲ್ಲಿ ಭೂಮಿಯ ಚರಿತ್ರೆಯ ಒಂದು ದೊಡ್ಡ ಅಧ್ಯಾಯವೇ ಅಡಗಿದೆ.

ಮೊದಲು ಈ ಕುಟುಂಬವು ಸೇರಿರುವ ದೊಡ್ಡ ಬಳಗವನ್ನು ತಿಳಿಯೋಣ. ಜೇಡ, ಚೇಳು, ನುಸಿ, ಉಣ್ಣಿ ಇವೆಲ್ಲ ಎಂಟು ಕಾಲಿನ ಜೀವಿಗಳು. ಶಾಸ್ತ್ರದಲ್ಲಿ ಇವುಗಳಿಗೆ ಅರಾಕ್ನಿಡಾ ವರ್ಗವೆಂದು ಹೆಸರು. ಈ ವರ್ಗದಲ್ಲಿ ಒಪಿಲಿಯೋನಿಸ್ ಎಂಬ ಒಂದು ಗಣವುಂಟು. ಮಲೆನಾಡಿನ ಮನೆಗಳವರು ಇದರ ಕೆಲವು ಸದಸ್ಯರನ್ನು ನೋಡಿಯೇ ಇರುತ್ತಾರೆ. ಬಂಡೆಯ ತಂಪಾದ ನೆರಳಿನಲ್ಲಿಯೋ ಹಳೆಯ ಗೋಡೆಯ ಮೂಲೆಯಲ್ಲಿಯೋ ಕಾಳಿನಂಥ ಸಣ್ಣ ದೇಹಕ್ಕೆ ಕೂದಲಿನಂಥ ಅತಿ ಉದ್ದವಾದ ಕಾಲುಗಳುಳ್ಳ ಜೀವಿಗಳು ಗುಂಪುಗೂಡಿರುತ್ತವೆ. ಹತ್ತಿರ ಹೋದರೆ ಗುಂಪೆಲ್ಲ ಒಟ್ಟಾಗಿ ಮೇಲೆ ಕೆಳಗೆ ತೂಗಾಡುತ್ತದೆ. ಯುರೋಪಿನಲ್ಲಿ ಇವು ಸುಗ್ಗಿಯ ಕಾಲದಲ್ಲಿ ಹೊಲಗದ್ದೆಗಳಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ಇಂಗ್ಲಿಷರು ಇವನ್ನು ಹಾರ್ವೆಸ್ಟ್‌ಮನ್ ಎಂದು ಕರೆದರು. ನಾವು ಸುಗ್ಗಿಯಾಳು ಎನ್ನಬಹುದು. ಈ ಲೇಖನದಲ್ಲಿ ಆ ಹೆಸರನ್ನೇ ಬಳಸುತ್ತೇನೆ. ಒಪಿಲಿಯೋ ಎಂಬ ಲ್ಯಾಟಿನ್ ಶಬ್ದಕ್ಕೆ ಕುರಿ ಕಾಯುವವನೆಂದು ಅರ್ಥ.

ಇವು ಜೇಡಗಳೆಂದೇ ಅನೇಕರ ಭಾವನೆ, ಆದರೆ ಹಾಗಲ್ಲ. ಜೇಡದ ದೇಹವು ನಡುವೆ ಸಣ್ಣದಾದ ಸೊಂಟದಿಂದ ಎರಡು ಭಾಗವಾಗಿರುತ್ತದೆ. ಸುಗ್ಗಿಯಾಳಿನ ದೇಹ ಒಂದೇ ಗುಂಡಾಗಿರುತ್ತದೆ. ಜೇಡಕ್ಕೆ ನೂಲುವ ಗ್ರಂಥಿಗಳುಂಟು, ವಿಷದ ಗ್ರಂಥಿಗಳುಂಟು. ಸುಗ್ಗಿಯಾಳಿಗೆ ಇವೆರಡೂ ಇಲ್ಲ. ಆದುದರಿಂದ ಇವು ಬಲೆ ಹೆಣೆಯುವುದಿಲ್ಲ, ಮನುಷ್ಯನಿಗೆ ಯಾವ ಅಪಾಯವನ್ನೂ ಮಾಡುವುದಿಲ್ಲ. ಇವುಗಳ ಆಯುಧವೆಂದರೆ ದೇಹದ ಇಕ್ಕೆಲಗಳಲ್ಲಿರುವ ಒಂದು ಜೊತೆ ಗಂಧಗ್ರಂಥಿಗಳು. ಶತ್ರು ಮುಟ್ಟಿದಾಗ ಅಲ್ಲಿಂದ ಕಟುವಾದ ದ್ರವವು ಹೊರಸೂಸುತ್ತದೆ. ಲೋಕದಲ್ಲಿ ಇಂದಿನವರೆಗೆ ಹೆಸರು ಪಡೆದಿರುವ ಸುಗ್ಗಿಯಾಳು ಪ್ರಭೇದಗಳು 6,500ಕ್ಕೂ ಹೆಚ್ಚು.

ಈ ಗಣದ ಪ್ರಾಚೀನತೆಯು ಆಶ್ಚರ್ಯಕರವಾದುದು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಶಿಲೆಗಳಲ್ಲಿ ಸುಮಾರು 41 ಕೋಟಿ ವರ್ಷಗಳಷ್ಟು ಹಳೆಯದಾದ ಸುಗ್ಗಿಯಾಳಿನ ಅವಶೇಷವು ದೊರೆತಿದೆ. ಅದರ ಉಸಿರಾಟದ ನಾಳಗಳು ಕೂಡ ಶಿಲೆಯಲ್ಲಿ ಅಚ್ಚೊತ್ತಿದಂತೆ ಉಳಿದಿವೆ. ಡೈನೋಸಾರುಗಳು ಹುಟ್ಟುವುದಕ್ಕೆ ಹದಿನೈದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಈ ಜೀವಿಗಳು ಹೆಚ್ಚುಕಡಿಮೆ ಇಂದಿನ ರೂಪದಲ್ಲಿಯೇ ಇದ್ದವೆಂದಾಯಿತು.

ಜೀವಂತವಾಗಿರುವ ಸುಗ್ಗಿಯಾಳುಗಳನ್ನು ಪಂಡಿತರು ನಾಲ್ಕು ಉಪಗಣಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಅತಿ ಸಣ್ಣದೂ ಅತಿ ಮೌನವಾದುದೂ ಆದ ಉಪಗಣವೇ ಸೈಫೊಫ್ತಾಲ್ಮಿ. ನಮ್ಮ ಪೆಟ್ಟಾಲಿಡೆ ಕುಟುಂಬವು ಇದಕ್ಕೆ ಸೇರಿದುದು. ಇಲ್ಲಿ ಕೂದಲಿನಂಥ ಉದ್ದ ಕಾಲುಗಳನ್ನು ಹುಡುಕಬಾರದು. ಕಾಲುಗಳು ಗಿಡ್ಡ, ದೇಹವು ಅಂಡಾಕಾರ, ಕಂದುಬಣ್ಣ, ಮೇಲೆ ಕವಚದಂಥ ಗಟ್ಟಿ ಚರ್ಮ, ಉದ್ದವು ಸಾಮಾನ್ಯವಾಗಿ ಎರಡರಿಂದ ಐದು ಮಿಲಿಮೀಟರ್. ನೋಡಿದವರಿಗೆ ದನಕರುಗಳ ಮೈಗೆ ಹತ್ತುವ ಉಣ್ಣಿಯ ನೆನಪಾಗುತ್ತದೆ. ಆದರೆ ಇವು ರಕ್ತವನ್ನು ಹೀರುವ ಜೀವಿಗಳಲ್ಲ. ಉಪಗಣದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಗೂನುಕಣ್ಣು ಎಂದು ಅರ್ಥ. ಬೆನ್ನಿನ ಎರಡು ಬದಿಗಳಲ್ಲಿ ಸಣ್ಣ ಶಂಕುಗಳಂತೆ ಎದ್ದಿರುವ ಭಾಗಗಳು ಕಣ್ಣಿನ ಗುಡ್ಡೆಗಳಂತೆ ತೋರುತ್ತವೆ. ವಾಸ್ತವವಾಗಿ ಅವು ಗಂಧಗ್ರಂಥಿಗಳ ಬಾಯಿಗಳು. ಈ ಬಳಗದ ಬಹುಮಂದಿಗೆ ಕಣ್ಣೇ ಇಲ್ಲ. ಕೆಲವು ಪ್ರಭೇದಗಳಲ್ಲಿ ಮಾತ್ರ ಆ ಗಂಧಶಂಕುವಿನ ಬುಡದಲ್ಲಿ ಅತಿ ಸಣ್ಣ ಕಣ್ಣು ಹುದುಗಿರುತ್ತದೆ.

ಇವುಗಳ ವಾಸಸ್ಥಾನವು ಕಾಡಿನ ನೆಲ. ಉದುರಿ ಕೊಳೆಯುತ್ತಿರುವ ತರಗೆಲೆಗಳ ಒದ್ದೆ ಪದರದಲ್ಲಿ, ಕಲ್ಲಿನ ಅಡಿಯಲ್ಲಿ, ಜೀರ್ಣವಾದ ಮರದ ದಿಮ್ಮಿಯ ಸಂದಿನಲ್ಲಿ, ಕೆಲವೊಮ್ಮೆ ಗುಹೆಗಳಲ್ಲಿ ಇವು ಜೀವಿಸುತ್ತವೆ. ತೇವವು ಆರಿದರೆ ಇವುಗಳ ಪ್ರಾಣವೂ ಆರುತ್ತದೆ. ಇವನ್ನು ಹಿಡಿಯುವ ವಿಧಾನವೂ ಸ್ವಾರಸ್ಯಕರವಾಗಿದೆ. ತರಗೆಲೆಯನ್ನು ಜರಡಿಯಾಡಿ, ಬಿದ್ದ ಪುಡಿಯನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ ತಾಳ್ಮೆಯಿಂದ ಕಾಯಬೇಕು. ಮುಟ್ಟಿದಾಗ ಈ ಜೀವಿಯು ಕಾಲುಗಳನ್ನು ಮುದುಡಿ ಮಣ್ಣಿನ ಕಣದಂತೆ ನಿಶ್ಚಲವಾಗಿರುತ್ತದೆ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಚಲಿಸತೊಡಗುತ್ತದೆ. ಇಲ್ಲವೇ ಆ ಪುಡಿಯನ್ನು ಆಲಿಕೆಯಂಥ ಪಾತ್ರೆಯಲ್ಲಿಟ್ಟು ಮೇಲೆ ದೀಪವನ್ನು ಉರಿಸಿದರೆ, ಬಿಸಿಗೆ ಹೆದರಿ ಜೀವಿಗಳು ಕೆಳಗಿಳಿದು ಆಲಿಕೆಯ ತುದಿಗೆ ಇಟ್ಟ ಸೀಸೆಯಲ್ಲಿ ಬೀಳುತ್ತವೆ.

ಇನ್ನು ವರ್ಗೀಕರಣದ ಕಥೆ. 1875ರಲ್ಲಿ ಆಕ್ಟೇವಿಯಸ್ ಪಿಕಾರ್ಡ್ ಕೇಂಬ್ರಿಜ್ ಎಂಬ ವಿದ್ವಾಂಸರು ಸಿಲೋನಿನಿಂದ, ಎಂದರೆ ಇಂದಿನ ಶ್ರೀಲಂಕಾದಿಂದ ಬಂದ ಒಂದು ಕಿರುಜೀವಿಯನ್ನು ವರ್ಣಿಸಿದರು. ಇವರು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಒಂದು ಹಳ್ಳಿಯ ಪಾದ್ರಿಗಳು. ಧರ್ಮಕಾರ್ಯದ ಜೊತೆಯಲ್ಲಿಯೇ ಜೇಡಗಳ ಅಧ್ಯಯನವನ್ನು ಜೀವನದುದ್ದಕ್ಕೂ ನಡೆಸಿದವರು. ಆ ಜೀವಿಗೆ ಅವರು ಕೊಟ್ಟ ಹೆಸರು ಸಿಮಿಸಿಫಾರ್ಮಿಸ್, ಎಂದರೆ ತಿಗಣೆಯ ಆಕಾರದ್ದು. ಯುರೋಪಿನ ಗುಹೆಯೊಂದರಲ್ಲಿ ಅದಕ್ಕೆ ಕೆಲವೇ ವರ್ಷ ಮೊದಲು ಸಿಕ್ಕಿದ್ದ ಸೈಫೊಫ್ತಾಲ್ಮಸ್ ಎಂಬ ಕುಲದಲ್ಲಿ ಇದನ್ನು ಸೇರಿಸಿದರು. ಕುಲವೆಂದರೆ ಇಲ್ಲಿ ಹತ್ತಿರದ ಪ್ರಭೇದಗಳ ಗುಂಪು. ಕೆಲವು ಕುಲಗಳು ಕೂಡಿ ಒಂದು ಕುಟುಂಬವಾಗುತ್ತದೆ. ಮರುವರ್ಷವೇ, 1876ರಲ್ಲಿ, ಸ್ವೀಡನ್ನಿನ ಥೊರೆಲ್ ಎಂಬವರು ಸಿಲೋನಿನ ಈ ಜೀವಿಯು ಪ್ರತ್ಯೇಕ ಕುಲಕ್ಕೆ ಅರ್ಹವೆಂದು ಕಂಡು ಪೆಟ್ಟಾಲಸ್ ಎಂಬ ಹೆಸರನ್ನಿಟ್ಟರು.

1904ರಲ್ಲಿ ಹ್ಯಾನ್ಸೆನ್ ಮತ್ತು ಸೋರೆನ್‌ಸೆನ್ ಎಂಬ ಡೆನ್ಮಾರ್ಕಿನ ಇಬ್ಬರು ವಿದ್ವಾಂಸರು ಈ ಉಪಗಣದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದಿಂದ ಬಂದ ಒಂದು ಜೀವಿಗೆ ಅವರು ಪರ್ಸೆಲಿಯಾ ಎಂದು ಹೆಸರಿಟ್ಟರು. 1925ರಲ್ಲಿ ನ್ಯೂಜಿಲೆಂಡಿನಿಂದ ರಕಾಯಿಯಾ ಎಂಬ ಕುಲವು ಬೆಳಕಿಗೆ ಬಂದಿತು. 1931ರಲ್ಲಿ ಕೇಪ್‌ಟೌನಿನ ಟೇಬಲ್ ಪರ್ವತದ ಗುಹೆಯಿಂದ ಇನ್ನೊಂದು ಜೀವಿ ವರ್ಣಿತವಾಯಿತು. ಅದರ ಹೆಸರಿನ ಅರ್ಥ ಉಣ್ಣಿಯ ಆಕಾರದ್ದು. 1961ರಲ್ಲಿ ಚಿಲಿ ದೇಶದಿಂದ ಚಿಲಿಯೋಗೋವಿಯಾ ಬಂದಿತು. ಒಂದು ಕಡೆ ತಿಗಣೆ, ಇನ್ನೊಂದು ಕಡೆ ಉಣ್ಣಿ. ಹೊರರೂಪದ ಹೋಲಿಕೆಯಿಂದ ಹೆಸರುಗಳು ಹುಟ್ಟುತ್ತಿದ್ದವೇ ಹೊರತು ಇವುಗಳ ಪರಸ್ಪರ ಸಂಬಂಧವು ಸ್ಪಷ್ಟವಾಗಿರಲಿಲ್ಲ. ಸಿರೋನಿಡೆ ಎಂಬ ಒಂದೇ ದೊಡ್ಡ ಕುಟುಂಬದಲ್ಲಿ ಯುರೋಪಿನವೂ ಅಮೆರಿಕದವೂ ಸಿಲೋನಿನವೂ ಒಟ್ಟಿಗೆ ತುಂಬಿಕೊಂಡಿದ್ದವು.

ಈ ಗೊಂದಲವನ್ನು ಬಿಡಿಸಿದವರು ಅಮೆರಿಕದ ವಿಲಿಯಂ ಶಿಯರ್. 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಇಡೀ ಉಪಗಣವನ್ನು ಹೊಸದಾಗಿ ವಿಂಗಡಿಸಿ, ದಕ್ಷಿಣ ಗೋಳಾರ್ಧದ ಈ ಕುಲಗಳನ್ನು ಬೇರ್ಪಡಿಸಿ ಪೆಟ್ಟಾಲಿಡೆ ಎಂಬ ಕುಟುಂಬವನ್ನು ಸ್ಥಾಪಿಸಿದರು. ಸಿಲೋನಿನ ಪೆಟ್ಟಾಲಸ್ಸಿನಿಂದಲೇ ಕುಟುಂಬಕ್ಕೆ ಈ ಹೆಸರು. ಇಂದು ಇದರಲ್ಲಿ ಹತ್ತರ ಆಸುಪಾಸಿನಷ್ಟು ಕುಲಗಳೂ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳೂ ಇವೆ.

ಶಿಯರ್ ಅವರೂ ಅವರ ನಂತರದವರೂ ಯಾವ ಆಧಾರದ ಮೇಲೆ ಬಂಧುತ್ವವನ್ನು ನಿರ್ಣಯಿಸಿದರು? ಇಲ್ಲಿ ಹಳೆಯ ಓಲೆಗರಿಗಳ ಪರಿಷ್ಕರಣವನ್ನು ದೃಷ್ಟಾಂತವಾಗಿ ತೆಗೆದುಕೊಂಡರೆ ವಿಷಯವು ಸುಲಭವಾಗುತ್ತದೆ. ಒಂದೇ ಗ್ರಂಥದ ಹತ್ತು ಪ್ರತಿಗಳು ಹತ್ತು ಊರುಗಳಲ್ಲಿ ದೊರೆತವೆನ್ನೋಣ. ಯಾವ ಪ್ರತಿಯನ್ನು ನೋಡಿ ಯಾವುದನ್ನು ಬರೆದರೆಂದು ತಿಳಿಯಬೇಕಾದರೆ, ಎಲ್ಲ ಪ್ರತಿಗಳಲ್ಲಿಯೂ ಸರಿಯಾಗಿರುವ ಪಾಠವು ಉಪಯೋಗಕ್ಕೆ ಬಾರದು. ಅದು ಮೂಲದಿಂದ ಎಲ್ಲರಿಗೂ ಬಂದದ್ದು. ಎರಡೇ ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ವಿಚಿತ್ರವಾದ ಸ್ಖಾಲಿತ್ಯವು ಕಂಡುಬಂದರೆ, ಅವೆರಡೂ ಒಂದೇ ತಾಯಿಪ್ರತಿಯಿಂದ ಇಳಿದವೆಂದು ಪರಿಷ್ಕರ್ತನು ತಿಳಿಯುತ್ತಾನೆ. ಪ್ರಾಣಿಗಳಲ್ಲಿಯೂ ಹೀಗೆಯೇ. ಎಂಟು ಕಾಲುಗಳಿವೆಯೆಂಬುದು ಕುಟುಂಬವನ್ನು ಗುರುತಿಸಲು ಸಾಲದು, ಅದು ಜೇಡಕ್ಕೂ ಚೇಳಿಗೂ ಉಂಟು. ಹಿಂಗಾಲಿನ ತುದಿಯಲ್ಲಿ ಗಂಡಿಗೆ ಮಾತ್ರ ಇರುವ ಮುಳ್ಳಿನಂಥ ಗ್ರಂಥಿಯ ಆಕಾರವೇನು? ಗಂಧಶಂಕುವು ಬೆನ್ನಿನ ಅಂಚಿನಲ್ಲಿದೆಯೇ, ಒಳಕ್ಕೆ ಸರಿದಿದೆಯೇ? ಗುದದ ಮೇಲಿನ ತಗಡಿನಲ್ಲಿ ಕೂದಲಿನ ಕುಚ್ಚು ಇದೆಯೇ? ಬಾಯಿಯ ಮುಂದಿನ ಇಕ್ಕುಳಗಳ ಹಲ್ಲುಗಳ ವಿನ್ಯಾಸವೆಂಥದು? ಇಂಥ ವಿಶೇಷ ಮಾರ್ಪಾಟುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿ ಹೋಲಿಸುತ್ತಾರೆ. ತಿಗಣೆಯ ಆಕಾರವೆಂಬುದು ಹೊದಿಕೆಯ ಬಣ್ಣವಿದ್ದಂತೆ. ಈ ಸೂಕ್ಷ್ಮಗಳೇ ಲಿಪಿಕಾರನ ಕೈಬರಹ.

2000ದ ದಶಕದಿಂದೀಚೆಗೆ ಇದಕ್ಕೆ ಇನ್ನೊಂದು ಪ್ರಬಲವಾದ ಸಾಕ್ಷ್ಯವು ಸೇರಿದೆ. ಅದು ವಂಶವಾಹಿಗಳ ಅಕ್ಷರಮಾಲೆ, ಅಂದರೆ ಡಿ.ಎನ್.ಎ. ಹಾರ್ವರ್ಡಿನ ಗೊಂಜಾಲೊ ಜಿರಿಬೆಟ್, ಸಾರಾ ಬೋಯರ್, ಪ್ರಶಾಂತ ಶರ್ಮ ಮೊದಲಾದವರು ದಕ್ಷಿಣ ಗೋಳಾರ್ಧದ ಕಾಡುಗಳಲ್ಲಿ ತರಗೆಲೆಯನ್ನು ಜರಡಿಯಾಡಿ ಸಂಗ್ರಹಿಸಿದ ಜೀವಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ದೇಹದ ಸಾಕ್ಷ್ಯವೂ ವಂಶವಾಹಿಯ ಸಾಕ್ಷ್ಯವೂ ಪೆಟ್ಟಾಲಿಡೆಯು ನಿಜವಾಗಿಯೂ ಒಂದೇ ಮೂಲದ ಕುಟುಂಬವೆಂಬುದನ್ನು ಎತ್ತಿಹಿಡಿದವು. 1980ರಲ್ಲಿ ಸೂಕ್ಷ್ಮದರ್ಶಕದಿಂದ ಕಂಡ ಸತ್ಯವು ಬೇರೊಂದು ದಾರಿಯಿಂದಲೂ ಸಿದ್ಧವಾಯಿತು.

ಇನ್ನು ಈ ಕುಟುಂಬದವರ ಊರುಗಳನ್ನು ನೋಡೋಣ. ಮನೆಯಲ್ಲಿ ಭೂಗೋಳದ ನಕ್ಷೆಯಿದ್ದರೆ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಬೆರಳಿಟ್ಟು ನೋಡಬಹುದು. ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನ ಚಿಲಿ ದೇಶದ ತಂಪಾದ ಮಳೆಕಾಡುಗಳಲ್ಲಿ ಚಿಲಿಯೋಗೋವಿಯಾ. ದಕ್ಷಿಣ ಆಫ್ರಿಕಾದಲ್ಲಿ ಕೇಪ್ ಪ್ರಾಂತದ ಕಡೆಗೆ ಪರ್ಸೆಲಿಯಾ, ಪೂರ್ವದ ಕಡೆಗೆ ಪ್ಯಾರಾಪರ್ಸೆಲಿಯಾ. ಮಡಗಾಸ್ಕರಿನಲ್ಲಿ 1996ರಲ್ಲಿ ವರ್ಣಿತವಾದ ಮನಂಗೋಟ್ರಿಯಾ. ಶ್ರೀಲಂಕಾದಲ್ಲಿ ಪೆಟ್ಟಾಲಸ್. ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಕಾರ್ರಿ ಎಂಬ, ನಮ್ಮಲ್ಲಿಗೂ ತಂದು ಬೆಳೆಸಿದ ನೀಲಗಿರಿ ಮರದ ಬಳಗಕ್ಕೆ ಸೇರಿದ, ಎತ್ತರದ ಮರಗಳ ಕಾಡಿನಲ್ಲಿ ಕಾರ್ರಿಪರ್ಸೆಲಿಯಾ. ಅದೇ ಖಂಡದ ಈಶಾನ್ಯದ ಕ್ವೀನ್ಸ್‌ಲೆಂಡಿನಲ್ಲಿ ಆಸ್ಟ್ರೋಪರ್ಸೆಲಿಯಾ. ನ್ಯೂಜಿಲೆಂಡಿನಲ್ಲಿ ರಕಾಯಿಯಾ, ನಿಯೋಪರ್ಸೆಲಿಯಾ, ಅವೊರಾಕಿ ಎಂಬ ಮೂರು ಕುಲಗಳು. ಉತ್ತರದ ಯುರೋಪಿನಲ್ಲಿ, ರಷ್ಯಾದಲ್ಲಿ, ಚೀನಾದಲ್ಲಿ ಈ ಕುಟುಂಬದ ಒಂದು ಜೀವಿಯೂ ಇಲ್ಲ.

ಈ ಊರುಗಳ ನಡುವೆ ಈಗ ಸಾವಿರಾರು ಮೈಲಿಗಳ ಸಮುದ್ರವಿದೆ. ಕೆಲವು ಜೇಡಗಳ ಮರಿಗಳು ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು ತೇಲುತ್ತ ಬಹುದೂರ ಹೋಗಬಲ್ಲವು. ಸುಗ್ಗಿಯಾಳಿಗೆ ನೂಲಿಲ್ಲ. ತೇಲುವ ಮರದ ಮೇಲೆ ಕುಳಿತು ಸಮುದ್ರವನ್ನು ದಾಟಬೇಕೆಂದರೆ ಉಪ್ಪುನೀರೂ ಬಿಸಿಲೂ ಅದನ್ನು ಒಣಗಿಸಿಬಿಡುತ್ತವೆ. ಸಮುದ್ರದ ನಡುವೆ ಜ್ವಾಲಾಮುಖಿಗಳಿಂದ ಹೊಸದಾಗಿ ಎದ್ದ, ಯಾವ ಖಂಡಕ್ಕೂ ಎಂದೂ ಸೇರದಿದ್ದ ದ್ವೀಪಗಳಲ್ಲಿ ಈ ಕುಟುಂಬದವರು ಕಾಣಸಿಗುವುದಿಲ್ಲ. ಸಮುದ್ರವನ್ನು ದಾಟುವ ಶಕ್ತಿಯಿದ್ದಿದ್ದರೆ ಅಲ್ಲಿಯೂ ಇರಬೇಕಾಗಿತ್ತಲ್ಲವೇ?

ಉತ್ತರವು ಭೂಗರ್ಭಶಾಸ್ತ್ರದಲ್ಲಿದೆ. ಒಂದಾನೊಂದು ಕಾಲದಲ್ಲಿ ದಕ್ಷಿಣ ಅಮೆರಿಕ, ಆಫ್ರಿಕಾ, ಮಡಗಾಸ್ಕರ್, ಭಾರತ, ಶ್ರೀಲಂಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳೆಲ್ಲ ಒಂದೇ ಮಹಾಖಂಡವಾಗಿದ್ದವು. ಅದರ ಹೆಸರು ಗೊಂಡ್ವಾನ. ಮಧ್ಯಭಾರತದ ಗೊಂಡ ಜನರ ನಾಡಿನಿಂದಲೇ ಈ ಹೆಸರು ಬಂದಿತೆಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿಯ ಶಿಲಾಸ್ತರಗಳಿಗೆ 1870ರ ದಶಕದಲ್ಲಿ ಇಟ್ಟ ಆ ಹೆಸರನ್ನು ಆಸ್ಟ್ರಿಯಾದ ಎಡುವರ್ಡ್ ಸ್ಯೂಸ್ ಎಂಬ ಭೂಗರ್ಭಶಾಸ್ತ್ರಜ್ಞರು ಇಡೀ ಪ್ರಾಚೀನ ಭೂಭಾಗಕ್ಕೆ ಅನ್ವಯಿಸಿದರು. ಸುಮಾರು 18 ಕೋಟಿ ವರ್ಷಗಳ ಹಿಂದೆ ಈ ಮಹಾಖಂಡವು ಬಿರಿಯತೊಡಗಿತು. ತುಂಡುಗಳು ಒಂದೊಂದಾಗಿ ದೂರ ಸರಿದವು. ಪೆಟ್ಟಾಲಿಡೆಯ ಪೂರ್ವಜರು ಆ ವೇಳೆಗಾಗಲೇ ಗೊಂಡ್ವಾನದ ಕಾಡುಗಳ ತರಗೆಲೆಯಲ್ಲಿದ್ದರು. ಮನುಷ್ಯರ ಕುಟುಂಬದಲ್ಲಿ ಅಣ್ಣತಮ್ಮಂದಿರು ಮನೆಯನ್ನು ಬಿಟ್ಟು ದೂರ ಹೋಗುತ್ತಾರೆ. ಈ ಕುಟುಂಬದಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ಮನೆಯೇ ಒಡೆದು, ಒಂದೊಂದು ಕೋಣೆಯೂ ತನ್ನೊಳಗಿದ್ದವರನ್ನು ಹೊತ್ತುಕೊಂಡು ದೂರ ತೇಲಿಹೋಯಿತು. ನಡುಮನೆಯಂತಿದ್ದ ಅಂಟಾರ್ಕ್ಟಿಕಾದ ಮೇಲೆ ಹಿಮವು ಮುಚ್ಚಿ, ಅಲ್ಲಿಯ ಕಾಡೆಲ್ಲ ನಾಶವಾಯಿತು.

ಈ ಒಡೆಯುವಿಕೆಯ ಒಂದು ಸಾಕ್ಷಿಯು ನಮ್ಮ ಕರ್ನಾಟಕದಲ್ಲಿಯೇ ಇದೆ. ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಕ್ಕೆ ಪ್ರವಾಸ ಹೋದವರು ಅಲ್ಲಿ ಕಡೆದಿಟ್ಟ ಕಂಬಗಳಂತೆ ನಿಂತಿರುವ ಬಂಡೆಗಳನ್ನು ನೋಡಿರುತ್ತಾರೆ. ಅವು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತವು ಮಡಗಾಸ್ಕರಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿಬಂದ ಶಿಲಾರಸವು ತಣಿದು ಆದ ಕಂಬಗಳು. ಮಡಗಾಸ್ಕರಿನ ಮನಂಗೋಟ್ರಿಯಾಕ್ಕೂ ಶ್ರೀಲಂಕಾದ ಪೆಟ್ಟಾಲಸ್ಸಿಗೂ ನಡುವಿನ ನೆಲದ ಹಾದಿಯು ಬಿರಿದುಹೋದುದರ ಗುರುತು ನಮ್ಮ ಕರಾವಳಿಯಲ್ಲಿ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಕಿರುಜೀವಿಗಳ ವಂಶಾವಳಿಯು ಭೂಗರ್ಭಶಾಸ್ತ್ರದ ವಿವಾದಗಳಲ್ಲಿಯೂ ಸಾಕ್ಷಿ ನುಡಿಯಬಲ್ಲದೆಂಬುದಕ್ಕೆ ನ್ಯೂಜಿಲೆಂಡು ನಿದರ್ಶನ. ಆ ನಾಡು ಸುಮಾರು 8 ಕೋಟಿ ವರ್ಷಗಳ ಹಿಂದೆ ಗೊಂಡ್ವಾನದಿಂದ ಬೇರೆಯಾಗತೊಡಗಿತು. ಆಮೇಲೆ, ಇಂದಿಗೆ ಎರಡು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಅದರ ಬಹುಭಾಗವು ಸಮುದ್ರದಲ್ಲಿ ಮುಳುಗಿತು. ಬಹುಭಾಗವೇ, ಇಡೀ ನಾಡೇ? ಇಡೀ ನಾಡು ಮುಳುಗಿತ್ತೆಂದೂ ಇಂದಿನ ಜೀವಿಗಳೆಲ್ಲ ಆಮೇಲೆ ಸಮುದ್ರವನ್ನು ದಾಟಿ ಬಂದವೆಂದೂ ಕೆಲವರು ವಾದಿಸಿದರು. ಬೋಯರ್ ಮತ್ತು ಜಿರಿಬೆಟ್ ಅವರು ಅಲ್ಲಿಯ ಪೆಟ್ಟಾಲಿಡೆಗಳನ್ನು ಪರೀಕ್ಷಿಸಿ 2009ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಅಲ್ಲಿಯ ಮೂರು ಕುಲಗಳೂ ಪ್ರತ್ಯೇಕವಾದ ಪ್ರಾಚೀನ ಶಾಖೆಗಳು. ಸುಮಾರು 30 ಪ್ರಭೇದಗಳು ನಾಡಿನ ಮೂಲೆಮೂಲೆಗಳಲ್ಲಿ ಹಂಚಿಹೋಗಿವೆ. ಹೊಳೆಯನ್ನೇ ದಾಟಲಾರದ ಜೀವಿಯ ಮೂರು ಮನೆತನಗಳು ಮೂರು ಸಲ ಮಹಾಸಾಗರವನ್ನು ದಾಟಿ ಬಂದವೆಂದು ನಂಬುವುದಕ್ಕಿಂತ, ಒಂದಷ್ಟು ಒಣನೆಲವು ಎಂದೂ ಮುಳುಗದೆ ಉಳಿದಿತ್ತೆಂದು ನಂಬುವುದೇ ಯುಕ್ತವಾಗಿ ತೋರುತ್ತದೆ.

ಇನ್ನು ನಮ್ಮ ದೇಶದ ಮಾತು. ಭಾರತವೂ ಗೊಂಡ್ವಾನದ ತುಂಡೇ. ಶ್ರೀಲಂಕಾವು ಭಾರತದ ಸಂಗಡವೇ ಪ್ರಯಾಣ ಮಾಡಿತು. ಪಶ್ಚಿಮ ಘಟ್ಟವನ್ನೂ ಶ್ರೀಲಂಕಾವನ್ನೂ ಒಟ್ಟಾಗಿ ಜಗತ್ತಿನ ಜೀವಸಮೃದ್ಧ ತಾಣಗಳಲ್ಲಿ ಒಂದೆಂದು ವಿಜ್ಞಾನಿಗಳು ಪರಿಗಣಿಸಿದ್ದಾರೆ. ಆದರೂ ಪೆಟ್ಟಾಲಿಡೆಯ ಪ್ರಕಟಿತ ಪಟ್ಟಿಗಳಲ್ಲಿ ಶ್ರೀಲಂಕಾವಿದೆ, ದಕ್ಷಿಣ ಭಾರತವಿಲ್ಲ. ಶ್ರೀಲಂಕಾದಲ್ಲಿ 2006ರಲ್ಲಿ ಒಂದು, 2009ರಲ್ಲಿ ಇನ್ನೊಂದು ಹೊಸ ಪ್ರಭೇದವು ವರ್ಣಿತವಾಗಿ, ಹೆಸರು ಪಡೆದವು ನಾಲ್ಕಾದವು. ಹೆಸರಿಡಬೇಕಾದವು ಇನ್ನೂ ಹಲವಿವೆಯೆಂದು ಶರ್ಮ, ಕರುಣಾರತ್ನ, ಜಿರಿಬೆಟ್ ಅವರು ತಿಳಿಸಿದರು. ನಮ್ಮ ಈಶಾನ್ಯ ರಾಜ್ಯಗಳಿಂದ 2007ರಲ್ಲಿ ಇದೇ ಉಪಗಣದ ಒಂದು ಜೀವಿಯು ವರ್ಣಿತವಾಯಿತು. ಅದರ ಕುಲಕ್ಕೆ ಮೇಘಾಲಯ ಎಂದೇ ಹೆಸರು. ಆದರೆ ಅದು ಸ್ಟೈಲೋಸೆಲಿಡೆ ಎಂಬ ಬೇರೆ ಕುಟುಂಬದ್ದು. ಅದರ ದಾಯಾದಿಗಳು ಥಾಯ್ಲೆಂಡ್, ಮಲೇಶಿಯಾ, ಇಂಡೋನೇಶಿಯಾಗಳಲ್ಲಿದ್ದಾರೆ. ಈಶಾನ್ಯದ ಗುಡ್ಡಗಳ ಜೀವಿಯು ಏಷ್ಯಾದ ಕಡೆಗೆ ಮುಖಮಾಡಿದೆ. ಶ್ರೀಲಂಕಾದ ಜೀವಿಯು ಗೊಂಡ್ವಾನದ ಕಡೆಗೆ ಮುಖಮಾಡಿದೆ. ನಡುವಿನ ಪರ್ಯಾಯ ದ್ವೀಪದ ಪುಟವು ಖಾಲಿಯಾಗಿದೆ.

ಈ ಖಾಲಿ ಪುಟವನ್ನು ಎರಡು ರೀತಿಯಾಗಿ ಅರ್ಥೈಸಬಹುದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಭಯಂಕರವಾದ ಶಿಲಾರಸದ ಪ್ರವಾಹಗಳು ಹರಿದವು. ಆಮೇಲೆ ದೇಶದ ಬಹುಭಾಗವು ಒಣನಾಡಾಯಿತು. ಇಂಥ ಉತ್ಪಾತಗಳಲ್ಲಿ ತೇವವನ್ನೇ ನಂಬಿದ ಈ ಕುಟುಂಬವು ನಮ್ಮಲ್ಲಿ ನಿರ್ವಂಶವಾಗಿ, ಮಳೆ ತಪ್ಪದ ಶ್ರೀಲಂಕಾದ ನೈಋತ್ಯ ಭಾಗದಲ್ಲಿ ಮಾತ್ರ ಉಳಿದಿರಬಹುದು. ಇಲ್ಲವೇ, ಅದು ನಮ್ಮ ಘಟ್ಟದ ಯಾವುದೋ ಶೋಲಾ ಕಾಡಿನ ತರಗೆಲೆಯಲ್ಲಿ ಈಗಲೂ ಇದ್ದು, ಜರಡಿ ಹಿಡಿದವರ ಕೈಗೆ ಸಿಕ್ಕದೆ ಇರಬಹುದು. ಎರಡನೆಯದು ಕೇವಲ ಆಶಾವಾದವಲ್ಲ. ಕೇರಳದ ಇಡುಕ್ಕಿಯ ಘಟ್ಟದಿಂದ ನಾಸಿಕಾಬಾಟ್ರಕಸ್ ಎಂಬ ನೇರಳೆಬಣ್ಣದ ದಪ್ಪ ಕಪ್ಪೆಯು ಶಾಸ್ತ್ರಲೋಕಕ್ಕೆ ಪರಿಚಯವಾದುದು 2003ರಲ್ಲಿ. ಅದರ ಹತ್ತಿರದ ಬಂಧುಗಳು ಹಿಂದೂ ಮಹಾಸಾಗರದ ಸೇಶಲ್ಸ್ ದ್ವೀಪಗಳಲ್ಲಿದ್ದಾರೆ. ಅಂಗೈಯಗಲದ ಕಪ್ಪೆಯೇ ಅಷ್ಟು ಕಾಲ ಪಂಡಿತರ ಕಣ್ಣಿಗೆ ಬೀಳದೆ ಇತ್ತೆಂದರೆ, ಎಳ್ಳುಕಾಳಿನಂಥ ಜೀವಿಯ ಮಾತೇನು? ಮಲೆನಾಡಿನ ತೋಟಗಳಲ್ಲಿ ಮುಟ್ಟಿದೊಡನೆ ಗೋಲಿಯಂತೆ ಮುದುಡಿಕೊಳ್ಳುವ ದಪ್ಪನೆಯ ಸಹಸ್ರಪದಿಯನ್ನು ಮಕ್ಕಳೆಲ್ಲ ಬಲ್ಲರು. ಆರ್ಥ್ರೋಸ್ಫೀರಾ ಎಂಬ ಅದರ ಕುಲವು ದಕ್ಷಿಣ ಭಾರತದಲ್ಲಿಯೂ ಶ್ರೀಲಂಕಾದಲ್ಲಿಯೂ ಉಂಟು. ಅದರ ಸಮೀಪದ ಬಂಧುಗಳು ಮಡಗಾಸ್ಕರಿನಲ್ಲಿದ್ದಾರೆ. ಗೊಂಡ್ವಾನದ ಹಳೆಯ ನಿವಾಸಿಗಳು ನಮ್ಮ ಕಾಡುಗಳ ನೆಲದಲ್ಲಿ ಪೂರ್ಣವಾಗಿ ಅಳಿದುಹೋಗಿಲ್ಲವೆಂಬುದಕ್ಕೆ ಇದೇ ಪ್ರಮಾಣ.

ಇಲ್ಲಿಯವರೆಗೆ ಹೇಳಿದ ವಿಷಯದಿಂದ ನಮ್ಮ ಗೃಹಸ್ಥರಿಗೆ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಪೆಟ್ಟಾಲಿಡೆಯ ಬಹುಮಟ್ಟಿನ ಪ್ರಭೇದಗಳು ಒಂದೊಂದು ಬೆಟ್ಟಕ್ಕೆ, ಒಂದೊಂದು ಕಣಿವೆಯ ಕಾಡಿಗೆ ಸೀಮಿತವಾದವು. ಹುಲಿಯು ಒಂದು ಕಾಡಿನಲ್ಲಿ ಅಳಿದರೆ ಇನ್ನೊಂದು ಕಾಡಿನಿಂದ ತಂದು ಬಿಡಬಹುದು. ಈ ಜೀವಿಯು ಒಂದು ಬೆಟ್ಟದಲ್ಲಿ ಅಳಿದರೆ ಆ ಪ್ರಭೇದವೇ ಲೋಕದಿಂದ ಹೋದಂತೆ. ಅದನ್ನು ಕೊಲ್ಲಲು ಬಂದೂಕು ಬೇಕಿಲ್ಲ. ಮರಗಳನ್ನು ಕಡಿದು ನೆಲಕ್ಕೆ ಬಿಸಿಲು ಬೀಳುವಂತೆ ಮಾಡಿದರೆ ಸಾಕು, ಬೇಸಿಗೆಯಲ್ಲಿ ತರಗೆಲೆಗೆ ಒಂದು ಕಡ್ಡಿ ಗೀರಿದರೆ ಸಾಕು. ಹಿಂದಿನ ಕಾಲದಲ್ಲಿ ಓದಲು ಬಾರದ ಮನೆಗಳಲ್ಲಿ ಅಟ್ಟದ ಮೇಲಿನ ಓಲೆಗರಿಗಳನ್ನು ಕೆಲವರು ಒಲೆಗೆ ಹಾಕಿ ನೀರು ಕಾಯಿಸಿದರು. ಅವರು ದುಷ್ಟರಲ್ಲ, ಕೈಯಲ್ಲಿರುವುದು ಏನೆಂದು ತಿಳಿಯದವರು. ಆ ಗ್ರಂಥಕ್ಕೆ ಬೇರೆಡೆ ಪ್ರತಿಯಿದ್ದರೆ ನಷ್ಟವು ಅಲ್ಪ. ಅದೊಂದೇ ಪ್ರತಿಯಾಗಿದ್ದರೆ ಏನು ಹೋಯಿತೆಂದು ತಿಳಿಯುವ ಮಾರ್ಗವೂ ಅದರೊಡನೆಯೇ ಹೋಯಿತು. ಒಂದೇ ಬೆಟ್ಟದಲ್ಲಿ ವಾಸಿಸುವ ಪ್ರಭೇದವು ಅಂಥ ಒಂದೇ ಪ್ರತಿ. ದಕ್ಷಿಣ ಭಾರತದ ಪುಟವು ನಿಜವಾಗಿಯೂ ಖಾಲಿಯೋ, ನಾವು ಓದುವ ಮೊದಲೇ ಸುಟ್ಟದ್ದೋ ಎಂಬ ಸಂದೇಹಕ್ಕೆ ಎಡೆಯಾಗಬಾರದು.

ಮಲೆನಾಡಿನ ಕೃಷಿಕರು ತೋಟಕ್ಕೆ ಸೊಪ್ಪು, ತರಗು ತರುವುದು ತಲೆಮಾರುಗಳ ಪದ್ಧತಿ. ಅದನ್ನು ಬಿಡಿರೆಂದು ಹೇಳುವುದು ಈ ಲೇಖನದ ಆಶಯವಲ್ಲ. ಆದರೆ ಪ್ರತಿ ವರ್ಷವೂ ಒಂದೇ ಜಾಗವನ್ನು ಬರಿದುಮಾಡದೆ ಬಿಡಬಹುದು. ಹಳ್ಳದ ದಡದ, ಬಂಡೆಸಂದಿನ, ಎಂದೂ ಒಣಗದ ನೆಲದ ತರಗೆಲೆಯನ್ನು ಮುಟ್ಟದಿರಬಹುದು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ; ನಮ್ಮ ಇತರ ಮಲೆನಾಡು ಜಿಲ್ಲೆಗಳಲ್ಲಿಯೂ ಇಂಥ ಕಾಡುಗಳುಂಟು. ಅಲ್ಲಿ ಸೌದೆಯನ್ನು ತರಬಾರದೆಂಬ ಹಿರಿಯರ ಕಟ್ಟಳೆಯು ಪಾಲಿತವಾದ ಕಡೆಗಳಲ್ಲಿ ನೆಲದ ಹೊದಿಕೆಯು ತಲೆಮಾರುಗಳಿಂದ ಹಾಗೆಯೇ ಉಳಿದಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುವ ನಿಮ್ಮ ಮಕ್ಕಳಿದ್ದರೆ, ರಜೆಯಲ್ಲಿ ಊರಿಗೆ ಬಂದಾಗ ಊರವರ ಒಪ್ಪಿಗೆಯನ್ನು ಪಡೆದು, ಇಂಥ ಕಾಡಿನ ಅಂಚಿನಲ್ಲಿ ಒಂದು ಬಿಳಿಯ ಬಟ್ಟೆಯನ್ನು ಹಾಸಿ, ಒಂದು ಬೊಗಸೆ ತರಗೆಲೆಯನ್ನು ಉದುರಿಸಿ ಗಮನವಿಟ್ಟು ನೋಡಲಿ. ನೋಡಿದ ಮೇಲೆ ಆ ಎಲೆಗಳನ್ನು ಇದ್ದ ಜಾಗಕ್ಕೇ ಮರಳಿಸಲಿ. ಬಟ್ಟೆಯ ಮೇಲೆ ಮಣ್ಣಿನ ಕಣವೊಂದು ಬಹಳ ಹೊತ್ತಿನ ಬಳಿಕ ಎಂಟು ಗಿಡ್ಡ ಕಾಲುಗಳನ್ನು ಚಾಚಿ ನಡೆಯತೊಡಗಿದರೆ ಅದನ್ನು ಕೊಲ್ಲಬಾರದು, ಹಗುರವಾಗಿಯೂ ಎಣಿಸಬಾರದು. ಯಾರಾದರೂ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ತಿಳಿಸಬೇಕು.